ಲಾಯರಮ್ಮ ಹೋಗಬೇಕೇ, ಉಳಿಯಬೇಕೇ?

ಗಂಟುಮೋರೆಯ ಕನ್ನಡಕಕ್ಕೆ ಪವರೇ ಇಲ್ಲ ಎಂದು ಕನ್ನಡಕದಂಗಡಿಯವನು ಹೇಳಿದ ದಿನವೇ ಸ್ಟೆನೋ ಅವನಿಗೆ ಸೋತುಹೋದಳು.

ಗಂಟುಮೋರೆ ನಿಜವಾದ ಮನುಷ್ಯನಲ್ಲ. ಪ್ರತಿ ಗುರುವಾರ ಸಂಜೆ ಏಳೂವರೆಗೆ ಟೀವಿಯಲ್ಲಿ ಬರುವ ‘ಹನ್ನೊಂದನೇ ಕೋರ್ಟು’ ಧಾರಾವಾಹಿಯ ಸರ್ಕಾರಿ ವಕೀಲ. ಮೂರು ವರ್ಷದಲ್ಲಿ ಒಮ್ಮೆಯೂ ನಕ್ಕವನಲ್ಲ, ಅದಕ್ಕೇ ಅಭಿಮಾನಿಗಳು ಇಟ್ಟ ಹೆಸರು ಅದು. ಅವನ ಎದುರು ನಿಂತು ಅರಳು ಹುರಿದಂತೆ ವಾದಿಸುವವಳು ಲಾಯರಮ್ಮ. ಕೋರ್ಟಿನೊಳಗೆ ಇಬ್ಬರೂ ಹಾವು ಮುಂಗುಸಿ. ಹೊರಗೆ ಮೆಟ್ಟಿಲಿಳಿಯುವಾಗ ಮಾತ್ರ ಇಬ್ಬರ ನಡಿಗೆಯೂ ತಾನಾಗಿ ನಿಧಾನವಾಗುತ್ತಿತ್ತು. ಅವರ ನಡುವೆ ಏನೋ ಇದೆ ಎಂದು ಊರಿಗೆಲ್ಲ ಗೊತ್ತು, ಅವರಿಬ್ಬರಿಗೊಂದು ಬಿಟ್ಟು.

ಆ ‘ಏನೋ’ವನ್ನು ಇತ್ಯರ್ಥ ಮಾಡಲು ಹನ್ನೆರಡು ಮಂದಿ ಶನಿವಾರ ನಾಲ್ಕು ಗಂಟೆಗೆ ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಸೇರುತ್ತಿದ್ದರು. ಗುಂಪಿಗೆ ‘ಮೇಲ್ಮನವಿ’ ಎಂದು ಹೆಸರು. ಟೀವಿ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯುವುದೋ ತಳ್ಳಿಹಾಕುವುದೋ ಇಲ್ಲಿ ನಿರ್ಧಾರವಾಗುತ್ತಿತ್ತು. ಪೀಠದಲ್ಲಿ ಕೂರುತ್ತಿದ್ದವರು ನಿವೃತ್ತ ಹೆಡ್ ಮಿಸ್ಸು. ಅವರ ಊಟದ ಡಬ್ಬಿಯಲ್ಲಿ ಮಡಿಸಿದ ಚೀಟಿಗಳಿರುತ್ತಿದ್ದವು, ಕೆಲವುಗಳಲ್ಲಿ ‘ಪರ’, ಕೆಲವುಗಳಲ್ಲಿ ‘ವಿರುದ್ಧ’. ಮನಸ್ಸಿನಲ್ಲಿ ಏನೇ ಇರಲಿ, ಕೈಗೆ ಬಂದ ಚೀಟಿಯ ಪ್ರಕಾರವೇ ವಾದಿಸಬೇಕು. ಚೀಟಿಯಲ್ಲಿ ಏನಿತ್ತು ಎಂದು ಮಾತ್ರ ಬಾಯಿ ಬಿಡುವಂತಿಲ್ಲ.

ಈ ಗುಂಪಿನಲ್ಲಿ ನಿಜವಾದ ಕೋರ್ಟಿನ ಗಾಳಿ ಕುಡಿದವಳು ಸ್ಟೆನೋ ಒಬ್ಬಳೇ. ಜಡ್ಜು ಗುಡುಗಿದ್ದನ್ನೂ ಸಾಕ್ಷಿ ತೊದಲಿದ್ದನ್ನೂ ಒಂದೇ ವೇಗದಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಬರೆಯುವವಳಿಗೆ ಅಭಿಪ್ರಾಯ ಇರಕೂಡದು, ಇದ್ದರೂ ಮುಖದ ಮೇಲೆ ಬರಕೂಡದು. ‘ಮೇಲ್ಮನವಿ’ಗೆ ಸೇರಿದ ದಿನವೇ ಹೆಡ್ ಮಿಸ್ಸು, “ನಮ್ಮ ವಾದಾನೂ ನೀನೇ ಬರ್ಕೊಳ್ಳಮ್ಮ” ಎಂದು ಪುಸ್ತಕ ಕೈಗಿಟ್ಟರು. ಹೋದಲ್ಲಿ ಬಂದಲ್ಲಿ ಅದೇ ಗತಿ ಎಂದುಕೊಂಡು ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

ಅವತ್ತೇ ಕನ್ನಡಕದಂಗಡಿಯವನು ಎದ್ದು ನಿಂತು ಆ ಮಾತು ಹೇಳಿದ್ದು.

“ಪವರ್ ಇರೋ ಕನ್ನಡಕ ಆದ್ರೆ ಗಾಜಿನ ಹಿಂದೆ ಕೆನ್ನೆ ಅಂಚು ಒಂಚೂರು ಒಳಗೆ ಸರಿದ ಹಾಗೆ ಕಾಣುತ್ತೆ. ಗಂಟುಮೋರೆಗೆ ಹಾಗೆ ಕಾಣಲ್ಲ. ಬರೀ ಗಾಜು.”

“ಆ್ಯಕ್ಟರ್ ಕಣಯ್ಯಾ, ಕಣ್ಣು ಚೆನ್ನಾಗಿರುತ್ತೆ!” ಎಂದು ಎಲ್ಲರೂ ನಕ್ಕರು.

“ಇರಲಿ. ನಾವು ಕಥೆಯನ್ನ ನಿಜ ಅಂತ ನಂಬೋರಲ್ವಾ? ಕಣ್ಣು ಸರಿ ಇರೋನು ಯಾಕೆ ಕನ್ನಡಕ ಹಾಕ್ತಾನೆ? ಲಾಯರಮ್ಮ ಮಾತಾಡುವಾಗೆಲ್ಲ ಅವನು ಕತ್ತು ಸ್ವಲ್ಪ ಓರೆ ಮಾಡ್ತಾನೆ. ಕಿಟಕಿ ಬೆಳಕು ಗಾಜಿನ ಮೇಲೆ ಬೀಳುತ್ತೆ. ಆಗ ಅವನ ಕಣ್ಣು ಯಾರಿಗೂ ಕಾಣಲ್ಲ. ಅವನು ಎಷ್ಟು ಹೊತ್ತು ಬೇಕಾದ್ರೂ ಅವಳನ್ನ ನೋಡಬಹುದು.”

ಸ್ಟೆನೋ ಮೊದಲ ಬಾರಿಗೆ ಬರೆಯುವುದನ್ನು ಮರೆತಳು.

ಮರುದಿನ ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಹಳೆಯ ಹಲವು ಕಂತುಗಳನ್ನು ಹಾಕಿಕೊಂಡು ಕೂತಳು. ಒಂದಾದರೂ ತಪ್ಪಬಾರದೇ? ಪ್ರತಿ ಸಲವೂ ಲಾಯರಮ್ಮ ಬಾಯಿ ತೆರೆದಳೆಂದರೆ ಗಂಟುಮೋರೆಯ ಕತ್ತು ಓರೆಯಾಗುತ್ತಿತ್ತು, ಗಾಜು ಬೆಳ್ಳಗಾಗುತ್ತಿತ್ತು. ಮೂರು ವರ್ಷ ಇಡೀ ಊರು ನೋಡಿಯೂ ನೋಡದಿದ್ದದ್ದನ್ನು ಈ ಮನುಷ್ಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಂಡುಬಿಟ್ಟಿದ್ದ. ಇಂಥ ಕಣ್ಣು ನನ್ನನ್ನು ನೋಡಿದರೆ ಏನೇನು ಕಂಡೀತು ಎಂದು ಅವಳಿಗೆ ಭಯವಾಯಿತು. ನೋಡಲಿ ಎಂದೂ ಅನ್ನಿಸಿತು.

ಆಮೇಲೆ ಎಂಟು ತಿಂಗಳು. ಅವನು ಎಂದೂ ಅವಳ ಪಕ್ಕ ಕೂರಲಿಲ್ಲ, ಎದುರಿಗೇ ಕೂರುತ್ತಿದ್ದ. ಅವಳು ತಲೆ ಬಗ್ಗಿಸಿ ಬರೆಯುವಾಗ ಮೇಜಿನಾಚೆಯಿಂದ ಏನೋ ಒಂದು ಬೆಚ್ಚಗೆ ಹಣೆಗೆ ತಾಗಿದಂತಾಗುತ್ತಿತ್ತು. ತಲೆ ಎತ್ತಿದರೆ ಅವನು ಶ್ರದ್ಧೆಯಿಂದ ಫ್ಯಾನು ನೋಡುತ್ತಿರುತ್ತಿದ್ದ.

“ಫ್ಯಾನಲ್ಲಿ ಏನಿದೆ?” ಎಂದು ಒಮ್ಮೆ ಕೇಳಿಯೇ ಬಿಟ್ಟಳು.

“ಮೂರು ರೆಕ್ಕೆ ಇದೆ ಸ್ಟೆನೋ ಮೇಡಂ,” ಎಂದು ಅವನು ಗಂಭೀರವಾಗಿ ಹೇಳಿದ. “ಇವತ್ತೂ ಎಣಿಸಿದೆ. ಮೂರೇ.”

ಅವನ ಕಿವಿ ಮಾತ್ರ ಕೆಂಪಗಾಗಿತ್ತು. ಅವಳು ಉಕ್ಕಿದ ನಗುವನ್ನು ಮನೆಯವರೆಗೆ ತುಟಿಯೊಳಗೆ ಹಿಡಿದುಕೊಂಡು ಹೋದಳು.

ಹೀಗಿರುವಾಗ ಅವಳಿಗೆ ಬಡ್ತಿ ಬಂತು. ದೂರದ ಊರಿನ ದೊಡ್ಡ ಕೋರ್ಟು, ಮೂರು ವರ್ಷ. ಒಪ್ಪಿಗೆ ಪತ್ರ ಕೊಡಲು ಮುಂದಿನ ಶುಕ್ರವಾರದವರೆಗೆ ಗಡುವು. ಆ ವಾರದ ಕಂತಿನಲ್ಲಿ ಲಾಯರಮ್ಮನಿಗೂ ದೂರದೂರಿಗೆ ಜಡ್ಜಾಗಿ ಹೋಗುವ ಆದೇಶ ಬರಬೇಕೇ! ಧಾರಾವಾಹಿ ಬರೆಯುವವನು ನಮ್ಮ ಆಫೀಸಿನ ಕಡತಕ್ಕೇ ಕೈ ಹಾಕಿದ್ದಾನೆ ಎಂದುಕೊಂಡಳು.

ಶನಿವಾರ ಹೆಡ್ ಮಿಸ್ಸು ಘೋಷಿಸಿದರು: “ಮುಂದಿನ ವಾರದ ಪ್ರಶ್ನೆ, ಗಂಟುಮೋರೆಗೋಸ್ಕರ ಲಾಯರಮ್ಮ ಇಲ್ಲೇ ಉಳಿಯಬೇಕೇ? ಇದು ಹೃದಯದ ವಿಚಾರ. ಚೀಟಿ ಇಲ್ಲ. ಮನಸ್ಸಲ್ಲಿ ಇರೋದನ್ನೇ ಹೇಳಬೇಕು.”

ಮೆಟ್ಟಿಲಿಳಿಯುವಾಗ ಅವಳು ಕನ್ನಡಕದವನಿಗೆ ವರ್ಗಾವಣೆಯ ವಿಷಯ ಹೇಳಿದಳು. ಹೇಳಿ ಅವನ ಮುಖ ನೋಡಿದಳು.

“ಒಳ್ಳೇದಾಯ್ತು,” ಎಂದ. ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದು ತನ್ನ ಕನ್ನಡಕ ಒರೆಸಿದ. ಮತ್ತೊಮ್ಮೆ ಒರೆಸಿದ. “ತುಂಬಾ ಒಳ್ಳೇದಾಯ್ತು.”

ಸೋಮವಾರ ಸಂಜೆ ಮನೆಯಲ್ಲಿ ಅಕ್ಕ ಇದನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡಳು. “ನೀನೇ ಕೇಳ್ಬಿಡೇ! ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೀಯಾ?”

“ಕೇಳಿ ಹೇಳಿಸಿದ್ರೆ ಅದು ಹೇಳಿಕೆ ಆಗುತ್ತಕ್ಕಾ. ದಿನಾ ಅದನ್ನೇ ಬರೀತೀನಿ. ನನಗೆ ಅವರಾಗೇ ಹೇಳೋದು ಬೇಕು.” ಅವಳೇ ಮುಂದುವರಿಸಿದಳು: “ಬರೋ ಶನಿವಾರ ಚೀಟಿ ಇಲ್ಲ. ಅವತ್ತು ಗೊತ್ತಾಗುತ್ತೆ. ಅವರ ಮನಸ್ಸಲ್ಲಿ ನಾನಿಲ್ಲ ಅಂತಾದ್ರೆ ಸುಮ್ಮನೆ ಹೊರಟುಹೋಗ್ತೀನಿ. ಗುಂಪೂ ಬೇಡ, ಧಾರಾವಾಹಿಯೂ ಬೇಡ.”

“ಗಡುವು ಶುಕ್ರವಾರ ಅಂದೆ?”

“ಆಫೀಸಲ್ಲಿ ಕೇಳಿ ಒಂದು ವಾರ ಮುಂದೆ ಹಾಕಿಸ್ಕೊಂಡಿದ್ದೀನಿ,” ಎಂದಳು ಸ್ಟೆನೋ. ಆರು ವರ್ಷದ ನೌಕರಿಯಲ್ಲಿ ಅವಳು ತನಗಾಗಿ ಕೇಳಿಕೊಂಡದ್ದು ಇದೊಂದೇ.

ಎಣಿಸಿದ್ದೊಂದು, ಆದದ್ದು ಇನ್ನೊಂದು. ಆ ಶನಿವಾರ ಅಕ್ಕನಿಗೆ ಮೈ ಸುಡುವಂಥ ಜ್ವರ. ಬಿಟ್ಟು ಹೋಗುವಂತಿರಲಿಲ್ಲ. ಬರೆಯುವವಳು ಬಾರದ್ದರಿಂದ ಹೆಡ್ ಮಿಸ್ಸು ಫೋನಿನಲ್ಲಿ ವಾದವನ್ನು ರೆಕಾರ್ಡ್ ಮಾಡಿ ಕಳಿಸಿದರು. ಭಾನುವಾರ ಬೆಳಗ್ಗೆ ಜ್ವರ ಇಳಿದು ಅಕ್ಕ ಗಂಜಿ ಕುಡಿದ ಮೇಲೆ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಟೈಪ್ ಮಾಡಲು ಕೂತಳು. ಮೊದಲ ದನಿಯೇ ಅವನದು.

“ಲಾಯರಮ್ಮ ಹೋಗಬೇಕು. ಗಂಟುಮೋರೆ ಮೂರು ವರ್ಷ ಬಾಯಿ ಬಿಡಲಿಲ್ಲ. ಈಗ ಬಿಟ್ರೆ ಅದು ಪ್ರೀತಿ ಅಲ್ಲ, ತಡೆಯಾಜ್ಞೆ. ಆ ಕುರ್ಚಿಗೋಸ್ಕರ ಅವಳು ಎಷ್ಟು ವರ್ಷ ಕಣ್ಣು ಸವೆಸಿದ್ದಾಳೆ! ಅವಳು ಅಲ್ಲಿ ಕೂತಿರೋದನ್ನ ಒಂದ್ಸಲ ಮನಸ್ಸಲ್ಲೇ ನೋಡಿ. ಅದರ ಮುಂದೆ ಇವನ ಮಾತು ತೀರಾ ಸಣ್ಣದು. ಹೇಳದೇ ಇರೋದೇ ಇವನಿಗೆ ಮರ್ಯಾದೆ. ಅವಳು ಇವನನ್ನ ಮರೀತಾಳೆ. ಮರೀಲಿ.”

ಅವಳ ಬೆರಳು ನಿಲ್ಲಲಿಲ್ಲ. ಕೊಲೆ ಕೇಸಿನಲ್ಲೂ ನಿಲ್ಲದ ಬೆರಳುಗಳವು. ಕೊನೆಯ ಚುಕ್ಕೆ ಇಟ್ಟ ಮೇಲೆ ಕಣ್ಣು ತುಂಬಿ ಬಂತು. ಅಷ್ಟು ನೋವಿನಲ್ಲೂ ಎಷ್ಟು ಚೆನ್ನಾಗಿ ಹೇಳಿದ ಎಂಬ ಬೆರಗು ಮಾತ್ರ ಬಿಡಲಿಲ್ಲ. ತನ್ನನ್ನು ಬೇಡ ಎನ್ನುವ ಮಾತೂ ಇಷ್ಟು ಚಂದವಾಗಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಶುಕ್ರವಾರದವರೆಗೆ ಕಾಯುವುದರಲ್ಲಿ ಇನ್ನೇನೂ ಉಳಿದಿರಲಿಲ್ಲ. ಸೋಮವಾರ ಆಫೀಸು ತೆರೆಯುತ್ತಲೇ ಒಪ್ಪಿಗೆ ಪತ್ರ ಕೊಟ್ಟುಬಂದಳು.

ಅದರ ಮುಂದಿನ ಶನಿವಾರ ಅವಳು ಲೈಬ್ರರಿಗೆ ಹೋದದ್ದು ವಾದ ಬರೆಯುವ ಪುಸ್ತಕ ಒಪ್ಪಿಸಿ ಬರಲು. ಹಿಂದಿನ ವಾರದ ವಾದವನ್ನು ಮೊದಲು ಓದಿ ಹೇಳುವುದು ‘ಮೇಲ್ಮನವಿ’ಯ ಪದ್ಧತಿ. ಅವಳು ಎದ್ದು ನಿಂತು, ಕೋರ್ಟಿನಲ್ಲಿ ಓದುವ ಏರಿಳಿತವಿಲ್ಲದ ದನಿಯಲ್ಲೇ ಓದಿದಳು. ‘ಮರೀಲಿ’ ಎಂಬಲ್ಲಿಗೆ ಬಂದಾಗ ಆ ದನಿ ಒಂದು ಕೂದಲೆಳೆಯಷ್ಟು ಜಾರಿತು. ಮೇಜಿನಾಚೆ ಕನ್ನಡಕದವನು ತನ್ನದೇ ಮಾತನ್ನು ಅವಳ ಬಾಯಲ್ಲಿ ಕೇಳಿ ಬಿಳಿಚಿಕೊಂಡಿದ್ದ.

ಹೆಡ್ ಮಿಸ್ಸು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಬಲವಂತದ ಚೀಟಿಗೆ ಎಷ್ಟು ಚೆನ್ನಾಗಿ ವಾದಿಸಿದೆಯಪ್ಪಾ!”

“ಚೀಟಿ?” ಸ್ಟೆನೋ ಹಾಳೆಯಿಂದ ತಲೆ ಎತ್ತಿದಳು. “ಆ ವಾರ ಚೀಟಿ ಇಲ್ಲ ಅಂದಿದ್ರಲ್ಲ ಮಿಸ್?”

“ಅಂದಿದ್ದೆ. ಬಂದು ನೋಡಿದ್ರೆ ಹತ್ತಕ್ಕೆ ಹತ್ತು ಜನಾನೂ ಉಳೀಲಿ, ಉಳೀಲಿ ಅಂತ ಕೂತಿದ್ದಾರೆ. ಎದುರು ವಾದ ಇಲ್ಲದ್ದು ಅದ್ಯಾವ ಕೋರ್ಟಮ್ಮಾ? ಮತ್ತೆ ಡಬ್ಬಿ ತೆಗೆದೆ. ಒಂದೇ ಒಂದು ‘ವಿರುದ್ಧ’ ಹಾಕಿದ್ದೆ, ಇವನಿಗೇ ಬಂತು. ಬೇರೆ ಕೊಡಿ ಮಿಸ್, ಇದು ನನ್ನ ಕೈಲಾಗಲ್ಲ ಅಂತ ಗೋಗರೆದ. ನಾನು ಬಿಡ್ತೀನಾ?”

“ರೆಕಾರ್ಡಿಂಗಲ್ಲಿ ಅದ್ಯಾವುದೂ ಇರಲಿಲ್ಲ.”

“ಆ ಗುಂಡಿ ಒತ್ತೋದು ನೆನಪಾಗಿದ್ದೇ ಇವನು ಎದ್ದು ನಿಂತ ಮೇಲೆ,” ಎಂದ ಹೆಡ್ ಮಿಸ್ಸು ಅವಳ ಮುಖ ನೋಡಿ ತಡವರಿಸಿದರು. “ಯಾಕಮ್ಮಾ? ಏನಾಯ್ತು?”

“ಏನಿಲ್ಲ ಮಿಸ್. ನಾನು ಸೋಮವಾರವೇ ಒಪ್ಪಿಗೆ ಪತ್ರ ಕೊಟ್ಟುಬಿಟ್ಟೆ.”

ನಲವತ್ತು ವರ್ಷ ಮಕ್ಕಳ ಮುಖ ಓದಿದವರಿಗೆ ಇನ್ನೇನು ಹೇಳಬೇಕು? ಅವರು ಇವಳನ್ನು ನೋಡಿದರು, ಅವನನ್ನು ನೋಡಿದರು, ಮೇಜು ಬಡಿದು ಎದ್ದರು. “ಪೀಠ ಹದಿನೈದು ನಿಮಿಷ ಏಳ್ತಿದೆ. ಎಲ್ಲರೂ ಕೆಳಗೆ ಹೋಗಿ ಟೀ ಕುಡಿಯೋಣ. ನೀವಿಬ್ಬರು ಬೇಡ.”

ಕುರ್ಚಿಗಳು ಸದ್ದು ಮಾಡಿದವು, ಬಾಗಿಲು ಮುಚ್ಚಿತು.

“ಕೊಟ್ಟದ್ದು ಒಳ್ಳೇದಾಯ್ತು,” ಎಂದ ಕನ್ನಡಕದವನು.

ಅವಳಿಗೆ ಎಲ್ಲಿತ್ತೋ ಸಿಟ್ಟು! “ಮತ್ತೆ ಅದೇ! ಈಗ ನಿಮ್ಮ ಕೈಲಿರೋದು ಯಾವ ಚೀಟಿ?”

ಅವನು ಎರಡೂ ಅಂಗೈ ಬಿಡಿಸಿ ತೋರಿಸಿದ. ಲೆನ್ಸು ಉಜ್ಜಿ ಉಜ್ಜಿ ಬೆರಳ ತುದಿಗಳು ನುಣ್ಣಗಾಗಿದ್ದವು.

“ಚೀಟಿ ಇಲ್ಲ. ಆ ವಾದ ನಾನು ಮಾಡಿದ್ದು ಅವತ್ತೊಂದಿನ ಅಲ್ಲ. ನೀವು ಮೆಟ್ಟಿಲ ಮೇಲೆ ವಿಷಯ ಹೇಳಿದಾಗಿಂದ ಒಳಗೊಳಗೇ ಮಾಡ್ತಿದ್ದೆ. ಅಂಗಡೀಲಿ ಗಾಜು ಉಜ್ಜುವಾಗ, ಹಲ್ಲು ಉಜ್ಜುವಾಗ. ಉಳೀಲಿ ಅಂತ ಒಬ್ಬ ಅಳ್ತಾ ಇದ್ದ, ಹೋಗಲಿ ಅಂತ ಇನ್ನೊಬ್ಬ ಅವನನ್ನ ಗದರಿಸಿ ಕೂರಿಸ್ತಿದ್ದ. ಇಬ್ಬರೂ ನಾನೇ. ಅದಕ್ಕೇ ಅಷ್ಟು ಸರಾಗವಾಗಿ ಬಂತು. ಆದ್ರೆ ಅದರಲ್ಲಿ ಒಂದು ಮಾತು ಸುಳ್ಳು.”

“ಯಾವುದು?”

“ಮರೀಲಿ ಅಂದದ್ದು.” ಅವನು ಫ್ಯಾನು ನೋಡಲಿಲ್ಲ. ಅವಳನ್ನೇ ನೋಡಿದ. “ಮರೀಬೇಡಿ. ನಾನು ನಿಮ್ಮನ್ನ ಪ್ರೀತಿಸ್ತೀನಿ. ತಡೆಯೋಕೆ ಹೇಳ್ತಿಲ್ಲ, ನೀವು ಹೋಗ್ಲೇಬೇಕು. ಹೇಳದೇ ಕಳಿಸೋಕೆ ಆಗ್ತಿಲ್ಲ, ಅಷ್ಟೇ.”

ಆರು ವರ್ಷದಿಂದ ಜಗತ್ತಿನ ಮಾತೆಲ್ಲ ಅವಳ ಕಿವಿ ಹೊಕ್ಕು ಬೆರಳಿನಿಂದ ಹೊರಬಿದ್ದಿತ್ತು. ಜಗಳದವರ ಮಾತು, ಕಳ್ಳರ ಮಾತು, ಆಣೆ ಇಟ್ಟವರ ಮಾತು. ಒಂದಾದರೂ ಅವಳಿಗೆಂದು ಹೇಳಿದ್ದಲ್ಲ. ಇದೊಂದು ಬಂದು ಒಳಗೇ ಉಳಿಯಿತು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಇಷ್ಟು ದೊಡ್ಡದು ಇಷ್ಟು ಸಣ್ಣ ಕೋಣೆಯಲ್ಲಿ, ಗೀರು ಬಿದ್ದ ಈ ಮೇಜಿನ ಆಚೆ ಈಚೆ, ಎಂಟು ತಿಂಗಳು ಹೇಗೆ ಹಿಡಿಸಿತ್ತು ಎಂದು ಅವಳಿಗೆ ಅಚ್ಚರಿಯಾಯಿತು.

“ನೀವು ಮೊದಲೇ ಹೇಳಿದ್ರೂ ನಾನು ಹೋಗೇ ಹೋಗ್ತಿದ್ದೆ,” ಎಂದಳು. “ಆ ಕೋರ್ಟು ನನ್ನ ಕನಸು. ಆದ್ರೆ ಸೋಮವಾರ ಸಹಿ ಹಾಕುವಾಗ ಓಡಿಹೋಗೋರ ಹಾಗೆ ಹಾಕಿದೆ. ಅದು ತಪ್ಪಾಯ್ತು.”

“ತಪ್ಪು ನನ್ನದು.”

“ಅರ್ಧ ನಿಮ್ಮದು. ನಂಗೂ ಬಾಯಿತ್ತಲ್ಲ.” ಅವಳು ಉಸಿರೆಳೆದುಕೊಂಡಳು. ಯಾರೂ ಕೇಳಿರಲಿಲ್ಲ, ಯಾರೂ ಬರೆದುಕೊಳ್ಳುತ್ತಿರಲಿಲ್ಲ. “ನಾನೂ ನಿಮ್ಮನ್ನ ಪ್ರೀತಿಸ್ತೀನಿ. ಮೊದಲನೇ ಶನಿವಾರದಿಂದ.”

ಅವನು ಕೂತುಬಿಟ್ಟ. ಅವಳು ಮೇಜು ಸುತ್ತಿ ಬಂದು ಮೊದಲ ಬಾರಿಗೆ ಅವನ ಪಕ್ಕದ ಕುರ್ಚಿ ಎಳೆದುಕೊಂಡಳು. ಅವನ ಅಂಗೈ ಇನ್ನೂ ಬಿಚ್ಚಿಯೇ ಇತ್ತು. ಅವಳು ಅದರಲ್ಲಿ ತನ್ನ ಕೈ ಇಟ್ಟಳು.

ಅವನು ಮೆಲ್ಲಗೆ, “ಶನಿವಾರ ಬೆಳಗ್ಗೆ ಆರೂವರೆಗೆ ಒಂದು ರೈಲಿದೆ,” ಎಂದ. “ಹತ್ತು ನಲವತ್ತಕ್ಕೆ ನಿಮ್ಮ ಹೊಸ ಊರು. ವಾಪಸ್ಸು ಭಾನುವಾರ ಸಂಜೆ ಐದಕ್ಕೆ.”

“ಇಷ್ಟೆಲ್ಲ ಯಾವಾಗ ನೋಡಿದ್ರಿ?”

“ನೀವು ಮೆಟ್ಟಿಲ ಮೇಲೆ ಹೇಳಿದ್ರಲ್ಲ, ಅವತ್ತೇ ಸಂಜೆ.” ಅವನ ಕಿವಿ ಕೆಂಪಾಯಿತು. “ಹೇಳೋ ಧೈರ್ಯ ಇರಲಿಲ್ಲ. ಬರೋ ದಾರಿ ಮಾತ್ರ ನೋಡಿಟ್ಕೊಂಡಿದ್ದೆ.”