20,736 ಬಿಲ್ಲೆಗಳು

ಚಕ್ರ ಪೂರ್ತಿಯಾಗಿತ್ತು. ನಡುವೆ ಮಾತ್ರ ಅಂಗೈಯಗಲ ಖಾಲಿ.

ಮೊರೊಕ್ಕೋದ ಫೆಜ್ ಪಟ್ಟಣದ ಆರುನೂರು ವರ್ಷದ ಕಾರಂಜಿಯೊಂದರ ಬಣ್ಣದ ಬಿಲ್ಲೆಗಳನ್ನು ಬಿಚ್ಚಿ, ಮೂಟೆ ಕಟ್ಟಿ, ಮರುಜೋಡಣೆಗೆ 'ಮಾಲೆಂ' ಎಂದೇ ಕರೆಸಿಕೊಳ್ಳುವ ಹಿರಿಯ ಕುಶಲಕರ್ಮಿ ತೈಯಬರ ಕಾರ್ಖಾನೆಗೆ ತಂದಿದ್ದರು. ಕಸುಬಿನ ಪದ್ಧತಿಯಂತೆ, ಬೆನ್ನ ಮೇಲೆ ಗಾರೆ ಸುರಿಯಲೆಂದು, ಅವರು ಬಿಲ್ಲೆಗಳನ್ನು ಚಕ್ರವಾಗಿ ಬೋರಲಾಗಿ ಜೋಡಿಸಿದರು. ಕೊನೆಗೆ ನಡುವಿನ ನೀಲಿ ನಕ್ಷತ್ರಕ್ಕೆಂದು ಕೈ ಹಾಕಿದರೆ ಮೂಟೆ ಬರಿದು.

"ಐವತ್ತು ವರ್ಷದ ಹೆಸರು ಮಣ್ಣುಪಾಲಾಯ್ತು ಮಗಳೇ," ಎಂದರು ಮಾಲೆಂ.

ಇನ್ಸ್‌ಪೆಕ್ಟರ್ ಹಸ್ನಾ ಲಮ್ರಾನಿ ಬಿಲ್ಲೆ ಬಿಚ್ಚಿಸಿ ಕಳಿಸಿದ್ದ ಮೇಲ್ವಿಚಾರಕನತ್ತ ತಿರುಗಿದಳು. "ನೀವು ಕಳಿಸಿದ್ದು ಎಷ್ಟು?"

"ಇಪ್ಪತ್ತು ಸಾವಿರದ ಏಳುನೂರ ಮೂವತ್ತಾರು," ಎಂದ ಅನ್ವರ್ ಬೆರ್ರಾದಾ, ಥಟ್ಟನೆ. "ನಕ್ಷತ್ರವೂ ಸೇರಿ. ನನ್ನ ಕೈಯಾರೆ ಮೂಟೆಗೆ ಹಾಕಿದೀನಿ."

ಹಸ್ನಾಳ ಹುಬ್ಬು ಏರಿತು. ಸಂಖ್ಯೆಯನ್ನು ಬರೆದುಕೊಂಡಳು.

* * *

ಮಾಲೆಂ ಕೂರುವ ಮಣೆಯಡಿ ಪೇದೆಗೊಂದು ನೀಲಿ ನಕ್ಷತ್ರ ಸಿಕ್ಕಿತು.

"ನೋಡಿದ್ರಾ ಮೇಡಂ?" ಅನ್ವರ್ ಕುಣಿದಾಡಿದ. "ಮುದುಕ ಗಡ್ಡ ಬಿಟ್ಕೊಂಡು ನಮ್ಗೇ ಟೋಪಿ ಹಾಕಿದಾನೆ!"

ಹಸ್ನಾ ಅದನ್ನು ಮಗುಚಿದಳು. ಹಿಂಬದಿ ಹೊಚ್ಚಹೊಸ ಮಣ್ಣು, ಬಿಳಿಚಿಕೊಂಡಿತ್ತು.

"ಖಾಲಿ ಜಾಗದ ಅಳತೆಗೆ ಅಂತ ನಾನೇ ಕೆತ್ತಿದ್ದು," ಎಂದರು ಮಾಲೆಂ.

"ಚಕ್ರದಲ್ಲಿರೋದನ್ನ ಎಣಿಸಿ," ಎಂದಳು ಹಸ್ನಾ ಪೇದೆಗಳಿಗೆ. "ಒಂದೂ ಬಿಡಬೇಡಿ."

* * *

ಸಂಜೆಗೆ ಎಣಿಕೆ ಮುಗಿಯಿತು. 20,736.

"ನನ್ನ ಲೆಕ್ಕವೇ ಬಂತಲ್ಲ!" ಎಂದ ಅನ್ವರ್. "ನಕ್ಷತ್ರ ಎತ್ಕೊಂಡು, ತನ್ನದೊಂದು ತುಂಡು ಸೇರಿಸಿ ಸರಿದೂಗಿಸಿದಾನೆ."

"ಬಿಲ್ಲೆಗಳು ಬೋರಲಾಗಿವೆ. ಬೆನ್ನು ನೋಡಿ. ಎಲ್ಲವೂ ಹಳತಾಗಿ ಕಪ್ಪಿಟ್ಟಿವೆ. ಹೊಸ ಮಣ್ಣಿನದು ಒಂದಾದ್ರೂ ಇದೆಯಾ?"

ಅನ್ವರ್ ಬಗ್ಗಿ ನೋಡಿದ. ಇರಲಿಲ್ಲ.

"ನನಗೆ ಬೆಳಗ್ಗೆಯೇ ಅನುಮಾನ ಬಂದಿತ್ತು," ಎಂದಳು ಹಸ್ನಾ. "ಈ ಚಕ್ರದಲ್ಲಿ ಒಂದೇ ಥರದ ಎಂಟು ಹೋಳು. ಒಂದು ಹೋಳಲ್ಲಿ ಎಷ್ಟೇ ಬಿಲ್ಲೆ ಇರಲಿ, ಒಟ್ಟು ಅದರ ಎಂಟರಷ್ಟು. ಜೊತೆಗೆ ನಡುವಿನ ನಕ್ಷತ್ರ ಒಂದು. ಎಂಟರಿಂದ ಭಾಗಿಸಿದ್ರೆ ಒಂದು ಉಳೀಲೇಬೇಕು. ನಿಮ್ಮ ಸಂಖ್ಯೇಲಿ ಕೊನೆಯ ಮೂರಂಕಿ ಏಳುನೂರ ಮೂವತ್ತಾರು. ಎಂಟರಿಂದ ಭಾಗಿಸಿ. ತೊಂಬತ್ತೆರಡು, ಶೇಷ ಸೊನ್ನೆ. ಸಾವಿರಗಳು ಎಂಟಕ್ಕೆ ಹೇಗೂ ಹೋಗ್ತವೆ."

"ಅಂದ್ರೆ?"

"ನಕ್ಷತ್ರ ಸೇರಿದ್ರೆ ಮೂವತ್ತೇಳಾಗಬೇಕಿತ್ತು. ನೀವು ಎಣಿಸೋ ಹೊತ್ತಿಗೆ ನಕ್ಷತ್ರ ಮೂಟೇಲಿರಲಿಲ್ಲ. ಮೊದಲು ಕದ್ರಿ, ಆಮೇಲೆ ಎಣಿಸಿದ್ರಿ. ಇಲ್ಲಿ ಮತ್ತೆ ಎಣಿಸಿದ್ರೂ ತಾಳೆಯಾಗ್ಲಿ ಅಂತ ಎಣಿಕೆ ಮಾತ್ರ ಪ್ರಾಮಾಣಿಕವಾಗಿ ಮಾಡಿದ್ರಿ. ಸಿಕ್ಕಿಬಿದ್ದದ್ದೂ ಅದರಿಂದಲೇ."

ಅನ್ವರನ ಮುಖ ಸುಣ್ಣ ಬಳಿದಂತಾಯಿತು. ಅವನ ಕಾರಿನ ಸೀಟಿನಡಿ, ಉಣ್ಣೆಯ ಟೋಪಿಯೊಳಗೆ ನಕ್ಷತ್ರ ಸಿಕ್ಕಿತು.

ಹಸ್ನಾ ಅದನ್ನು ಮಾಲೆಂ ಕೈಗಿಟ್ಟಳು. ಮುದುಕರು ಅಳಲಿಲ್ಲ. ಮೊಣಕಾಲೂರಿ, ಖಾಲಿ ಜಾಗಕ್ಕೆ ನಕ್ಷತ್ರವನ್ನು ಬೋರಲಾಗಿ ಕೂರಿಸಿದರು.

"ಗಾರೆ ಕಲಸ್ರೋ," ಎಂದು ಕೂಗಿದರು.