ತಪಾಸಣೆಗೆ ಬಾರದ ಹನ್ನೊಂದು ಮಂದಿ

"ಡಾಕ್ಟ್ರೇ, ಮಿಕ್ಕ ಹನ್ನೊಂದು ಜನ ಎಲ್ಲಿ?"

ಆಸ್ಪತ್ರೆಯ ಸಭೆಯ ಕೋಣೆಯಲ್ಲಿದ್ದವರೆಲ್ಲ ಪ್ರಶ್ನೆ ಕೇಳಿದ ಹುಡುಗಿಯತ್ತ ತಿರುಗಿದರು.

ತುಂಡಾದ ಕೈನರವನ್ನು ಸಣ್ಣ ನಳಿಕೆಯೊಳಗೆ ಕೂಡಿಸಿ ಮತ್ತೆ ಬೆಳೆಸುವ ಹೊಸ ಶಸ್ತ್ರಚಿಕಿತ್ಸೆ ಪರದೆಯ ಪಕ್ಕ ನಿಂತಿದ್ದ ಸರ್ಜನ್‌ನದು. ಮಾಡಿಸಿಕೊಂಡವರು ನಲವತ್ತು ಮಂದಿ. ಪರದೆಯ ಮೇಲಿನ ಫಲಿತಾಂಶದಲ್ಲಿದ್ದವರು ಇಪ್ಪತ್ತೊಂಬತ್ತು. ಅಷ್ಟೂ ಜನರ ಬೆರಳಿಗೆ ಸ್ಪರ್ಶ ಮರಳಿತ್ತು.

"ಅವರು ತಪಾಸಣೆಗೆ ವಾಪಸ್ ಬರಲಿಲ್ಲ. ಅದಕ್ಕೂ ನಾನೇ ಹೊಣೆನಾ?" ಎಂದ ಸರ್ಜನ್.

"ಬರದೇ ಇದ್ದವರು ಗುಣ ಆಗಿದಾರೆ ಅಂತ ಹೇಗೆ ಅಂದ್ಕೊಳ್ಳೋದು?"

ಅವಳು ಸಂಶೋಧನೆಯ ಅಂಕಿಅಂಶ ನೋಡಲು ಆ ವಿಭಾಗಕ್ಕೆ ಸೇರಿ ಮೂರೇ ದಿನ. ಅವನು ದುರುಗುಟ್ಟಿ ನೋಡಿದ. ಅವಳ ಎದೆ ಹೊಡೆದುಕೊಂಡಿತು. ಭಯಕ್ಕಾ? ಅಥವಾ...

ಮರುದಿನ ಅವನೇ ಅವಳ ಮೇಜಿನ ಬಳಿ ಬಂದ. "ಬನ್ನಿ ಲೆಕ್ಕದ ಮೇಡಂ, ತಪ್ಪು ಹುಡುಕೋ ಮೊದ್ಲು ಕೆಲಸ ನೋಡಿ."

ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಅವನು ಹೊಲಿಗೆ ಹಾಕುತ್ತಿದ್ದ. ಅವಳು ಉಸಿರಾಡುವುದನ್ನೇ ಮರೆತಳು.

ಆಮೇಲೆ ದಿನಾ ಸಂಜೆ ಕಾಫಿ, ಕಾಫಿಯ ಜೊತೆಗೊಂದು ಜಗಳ. ಜಗಳವಿಲ್ಲದ ದಿನ ಇಬ್ಬರಿಗೂ ಏನೋ ಕಳೆದುಹೋದ ಹಾಗೆ! ಆದರೆ ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ.

ಅವನ ಪ್ರಬಂಧ ಪ್ರಕಟಣೆಗೆ ಹೊರಟ ದಿನ ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿದರು. "ಅಂಕಿಅಂಶ ಸರಿ ಇದೆ ಅಂತ ಸಹಿ ಹಾಕ್ತೀಯೇನಮ್ಮ?"

"ಆ ಹನ್ನೊಂದು ಜನರನ್ನ ನೋಡೋವರೆಗೂ ಆಗಲ್ಲ ಸಾರ್."

ಪ್ರಬಂಧ ನಿಂತಿತು. ಆಪರೇಷನ್ ಮುಗಿಸಿದ ಅವನಿಗೆ ಒಳಗೇ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದು ಮುಖ್ಯಸ್ಥರು. ಅವನು ಹೊರಬಂದಾಗ ಬಾಗಿಲಲ್ಲೇ ಅವಳಿದ್ದಳು.

"ನನಗೆ ಮೊದ್ಲು ಹೇಳಬಹುದಿತ್ತಲ್ವಾ? ಬೆನ್ನ ಹಿಂದೆ ಹೋಗಿ..."

"ನಾನು ಹೇಳೋಕೇ ಅಂತ..."

ಅವನು ನಿಲ್ಲಲಿಲ್ಲ. ಮರುದಿನವೇ ರಜೆ ಹಾಕಿ ಹೊರಟುಹೋದ.

ಮೂರು ವಾರದ ನಂತರ ವಿಭಾಗಕ್ಕೊಂದು ಲಕೋಟೆ ಬಂತು. ಒಳಗೆ ಆ ಹನ್ನೊಂದರಲ್ಲಿ ಒಬ್ಬರ ತಪಾಸಣೆಯ ಹಾಳೆ, ಅವನದೇ ಕೈಬರಹ! ಅವಳು ಹಾಳೆಯನ್ನು ತಿರುಗಿಸಿ ನೋಡಿದಳು. ತನಗೆಂದು ಒಂದು ಪದ? ಇಲ್ಲ.

ಎರಡನೆಯದು ಬಂತು. ಮೂರನೆಯದು ಬಂತು. ಅವನು ಊರೂರು ಅಲೆದು ರೋಗಿಗಳ ಮನೆ ಹುಡುಕುತ್ತಿದ್ದಾನೆ! ಪ್ರತಿ ಸಲವೂ ಅವಳು ಹಾಳೆ ತಿರುಗಿಸುತ್ತಿದ್ದಳು. ಪ್ರತಿ ಸಲವೂ ಬರೀ ಬಿಳಿ.

ಕಾರಿಡಾರಿನಲ್ಲಿ ಯಾರೇ ಸರಸರ ನಡೆದರೂ ಅವಳ ಪೆನ್ನು ನಿಲ್ಲುತ್ತಿತ್ತು. ಅವನಲ್ಲ... ಇವತ್ತೂ ಅವನಲ್ಲ.

"ಅಕ್ಕಾ, ಫೋನನ್ನ ಹಾಗೆ ಗುರಾಯಿಸಿದ್ರೆ ಅದು ಹೆದರಿ ರಿಂಗ್ ಆಗುತ್ತಾ?" ಎಂದು ಮನೆಯಲ್ಲಿ ತಂಗಿ ಛೇಡಿಸಿದಳು. ಅಕ್ಕನ ಕಣ್ಣು ತುಂಬಿದ್ದು ಕಂಡು ಸುಮ್ಮನೆ ಪಕ್ಕದಲ್ಲಿ ಕೂತಳು.

ಹತ್ತು ಹಾಳೆ ಬಂದ ಮೇಲೆ ಎರಡು ತಿಂಗಳು ಏನೂ ಬರಲಿಲ್ಲ.

ಒಂದು ಮಧ್ಯಾಹ್ನ ಅವಳ ಮೇಜಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದಳು. ಅವನೇ! ಸೊರಗಿದ್ದ, ಗಡ್ಡ ಬಿಟ್ಟಿದ್ದ.

"ಹನ್ನೊಂದನೆಯವರು ಮನೆ ಬದಲಾಯಿಸಿದ್ರು. ಹುಡುಕೋಕೆ ತಡ ಆಯ್ತು," ಎಂದು ಹಾಳೆ ಚಾಚಿದ. "ಹನ್ನೊಂದರಲ್ಲಿ ಆರು ಜನಕ್ಕೆ ಸ್ಪರ್ಶ ಬಂದಿಲ್ಲ. ಮಣಿಕಟ್ಟಿನ ಹತ್ತಿರ ನನ್ನ ನಳಿಕೆ ನರಾನ ಒತ್ತುತ್ತಿತ್ತು. ಈಗ ಅಳತೆ ಬದಲಾಯಿಸಿದೀನಿ. ಅವರಲ್ಲಿ ಇಬ್ಬರು ಮತ್ತೆ ಆಪರೇಷನ್‌ಗೆ ಒಪ್ಪಿದಾರೆ. ನೀವು ತಡೀದೇ ಇದ್ದಿದ್ರೆ ಇನ್ನೆಷ್ಟು ಜನಕ್ಕೆ ಹೀಗೇ ಮಾಡ್ತಿದ್ದೆನೋ..."

ಅವಳು ಆ ಹಾಳೆಯನ್ನೂ ತಿರುಗಿಸಿ ನೋಡಿದಳು.

"ಆಪರೇಷನ್ ಥಿಯೇಟರ್ ಸಿಸ್ಟರ್ ಈಗ ಹೇಳಿದ್ರು. ಅವತ್ತು ನೀವು ನನಗೆ ಹೇಳೋಕೆ ಬಾಗಿಲಲ್ಲಿ ಐದು ಗಂಟೆ ಹೊತ್ತು ಕಾದಿದ್ರಂತೆ. ನಾನು ಕೇಳಿಸ್ಕೊಳ್ಳಲೇ ಇಲ್ಲ. ತಪ್ಪಾಯ್ತು."

"ಹತ್ತು ಹಾಳೆ ಕಳಿಸಿದ್ರಲ್ಲ..." ಎಂದಳು ಅವಳು. "ಒಂದರಲ್ಲಾದ್ರೂ ನನಗೆ ಒಂದು ಸಾಲು ಬರೀಬಾರದಿತ್ತಾ?"

"ಬರೀತಿದ್ದೆ, ಹರೀತಿದ್ದೆ. ನಿಮ್ಮನ್ನ ಬಿಟ್ಟು ಇರೋಕೆ ಆಗ್ತಿಲ್ಲ ಅಂತ ಯಾವ ಮುಖ ಇಟ್ಕೊಂಡು ಬರೀಲಿ?"

"ಏಳು ತಿಂಗಳು ಇದ್ರಲ್ಲ!"

"ಅದನ್ನ ಇರೋದು ಅಂತಾರಾ?"

ಅವಳು ಅಳುತ್ತಲೇ ನಕ್ಕಳು. ಅವನ ಬತ್ತಿದ ಕೆನ್ನೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು.

"ಊಟ ಮಾಡಿದ್ಯಾ?"

ಅವನು ಬೆಚ್ಚಿದ. ಇಷ್ಟು ದಿನದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದೇ ಇಲ್ಲ.

"ಏನಂದ್ರಿ?"

"ಊಟ ಮಾಡಿದ್ಯಾ ಅಂದೆ."

"ಇಲ್ಲ ಕಣೇ," ಎಂದ ಅವನು.