ಕತೀರಾ ಅಂಟು ಮತ್ತು ಮೊದಲ 'ಬೇಡ'

"ತೆಗೀಬೇಡಿ, ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ," ಎನ್ನುತ್ತ ಗೊಲ್ನಾರ್ ಬೆಹ್ರಂಗನ ಕೈ ಹಿಡಿದುಬಿಟ್ಟಳು.

ಹಿಡಿದ ಮೇಲೆ ಎಚ್ಚರವಾಯಿತು... ಸರಕ್ಕನೆ ಬಿಟ್ಟಳು.

ಇಸ್ಫಹಾನಿನ ಆ ಪ್ರಯೋಗಾಲಯದಲ್ಲಿ ಅವರಿಬ್ಬರೇ. ಬಿಸಿನೀರಿನಲ್ಲಿ ಕೂತಿದ್ದ ಫ್ಲಾಸ್ಕಿನಲ್ಲಿ ಬೆಳ್ಳಿಯ ಲವಣ, ಜೊತೆಗೆ ನೆನೆಸಿಟ್ಟ ಕತೀರಾ ಅಂಟು. ಬೆಹ್ರಂಗನ ಊರಿನ ಗುಡ್ಡದ ಮುಳ್ಳುಪೊದೆಯಿಂದ ಒಸರಿದ ಅಂಟು ಅದು. ತಿಳಿನೀರಿನಂತಿದ್ದದ್ದು ಮೆಲ್ಲಗೆ ಹಳದಿಗೆ ತಿರುಗುತ್ತಿತ್ತು. ವಿಷದ ರಾಸಾಯನಿಕವೊಂದೂ ಇಲ್ಲದೆ, ಸುಟ್ಟ ಗಾಯದ ಪಟ್ಟಿಗೆ ಬೇಕಾದ ಬೆಳ್ಳಿಯ ನ್ಯಾನೋಕಣಗಳು ಹುಟ್ಟುತ್ತಿದ್ದವು.

ಈ ಬಣ್ಣಕ್ಕಾಗಿ ಇಬ್ಬರೂ ಎಷ್ಟು ಕಾದಿದ್ದರು! ಅದು ಬಂದದ್ದು ಇವತ್ತು. ನಾಳೆ ಬೆಹ್ರಂಗ್ ಹೊಸ ಕೆಲಸಕ್ಕೆಂದು ತಬ್ರೀಜ್‌ಗೆ ಹೊರಡುತ್ತಾನೆ.

'ಈಗ ಕೇಳದಿದ್ದರೆ ಇನ್ನೆಂದೂ ಇಲ್ಲ...' ಎಂದುಕೊಂಡಳು ಗೊಲ್ನಾರ್.

ಹೊಸ ವರ್ಷದ ಹಬ್ಬ ಮುಗಿದ ಮೇಲೆ ಅವನು ಕೇಳಿದ್ದ, ತನ್ನ ತಾಯಿ ಅವಳ ಮನೆಗೆ ಚಹಾಕ್ಕೆ ಬರಬಹುದೇ ಎಂದು. ಹೆಣ್ಣು ಕೇಳಲು ಬರುವ ಚಹಾ. ಅವಳ ಎದೆ ಕುಣಿದಿತ್ತು. ಬಾಯಿ ಮಾತ್ರ ಅಮ್ಮ ಕಲಿಸಿದಂತೆ, ಅಷ್ಟು ದೂರದಿಂದ ಅವರಿಗೆ ಯಾಕೆ ತೊಂದರೆ, ಬೇಡ ಎಂದಿತ್ತು. ಇಸ್ಫಹಾನಿನಲ್ಲಿ ಮೊದಲ 'ಬೇಡ'ವನ್ನು ಯಾರು ನಂಬುತ್ತಾರೆ? ಟ್ಯಾಕ್ಸಿಯವನೂ ಮೊದಲು ಬಾಡಿಗೆ ಬೇಡ ಅನ್ನುತ್ತಾನೆ! ಮತ್ತೆ ಕೇಳುವುದು ಕೇಳುವವನ ಪಾಳಿ.

ಅವನು ಮತ್ತೆ ಕೇಳಲೇ ಇಲ್ಲ. ಮನಸ್ಸು ಬದಲಾಯಿತೇನೋ ಎಂದುಕೊಂಡು ಅವಳು ಬೇಸಿಗೆಯಿಡೀ ದಿಂಬು ತೋಯಿಸಿದ್ದಳು.

"ಬೆಹ್ರಂಗ್ ಆಘಾ, ಒಂದು ಲೋಟ ಚಹಾ ಕುಡಿಸೋಕೆ ಮೂರ್ ಮೂರು ಸಲ ಬಲವಂತ ಮಾಡ್ತೀರಿ. ನನ್ನನ್ನ ಮಾತ್ರ ಒಂದೇ ಸಲ ಕೇಳಿ ಸುಮ್ಮನಾದ್ರಿ... ಯಾಕೆ?"

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ.

"ಚಹಾ ಬೇರೆ. ಹುಡುಗಿ ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಆ ವಿಷಯದಲ್ಲೂ ಬಲವಂತ ಮಾಡೋನು ಗಂಡಸಾ?"

'ದೇವರೇ... ನಾನು ಅತ್ತದ್ದು ಇದಕ್ಕಾ?'

"ಅದು ಮರ್ಯಾದೆಗೆ ಅಂದ ಬೇಡ ಕಣ್ರೀ, ಬುದ್ಧಿವಂತ್ರೇ," ಅಂದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ಮರ್ಯಾದೆನೂ ಈ ಅಂಟಿನ ಥರಾನೇ. ಹದವಾಗಿದ್ರೆ ಬೆಳ್ಳಿನ ಗಂಟುಕಟ್ಟದ ಹಾಗೆ ಕಾಯುತ್ತೆ. ಜಾಸ್ತಿಯಾದ್ರೆ ಕಲಕೋ ಕಡ್ಡಿನೂ ಅಲ್ಲಾಡಲ್ಲ. ನಾವಿಬ್ರೂ ಜಾಸ್ತಿ ಹಾಕಿಬಿಟ್ವಿ."

ಫ್ಲಾಸ್ಕು ಜೇನಿನ ಬಣ್ಣಕ್ಕೆ ಬಂದಿತ್ತು. ಇಬ್ಬರೂ ಅದನ್ನು ನೋಡುತ್ತಿರಲಿಲ್ಲ.

ಬೆಹ್ರಂಗ್ ಕನ್ನಡಕ ಹಾಕಿಕೊಂಡ. ಶುಕ್ರವಾರ ತಬ್ರೀಜಿನಿಂದ ಬರುವಾಗ ಊರಿನಿಂದ ಅಮ್ಮನನ್ನು ಚಹಾಕ್ಕೆ ಕರೆತರಬಹುದು ಎಂದ. ಹೇಳಿದ್ದೇ ತಡ, ಅವನಿಗೇ ಅಳುಕು ಹುಟ್ಟಿತು.

"ಅವಸರ ಏನಿಲ್ಲ, ಗೊಲ್ನಾರ್ ಖಾನುಮ್. ಬೇಕಾದ್ರೆ ಒಂದು ತಿಂಗಳು ಯೋಚ್ನೆ ಮಾಡಿ. ನಾನು ಕಾಯ್ತೀನಿ."

"ಬೇಡ."

ಅವನ ಮುಖ ಬಿಳಿಚಿತು. ಆದರೆ ಈಗಷ್ಟೇ ಕಲಿತ ಪಾಠ ಮರೆಯಲಿಲ್ಲ. ಮೆಲ್ಲಗೆ ಮತ್ತೆ ಕೇಳಿದ:

"ಇದು... ಮರ್ಯಾದೆಗೆ ಅಂದ ಬೇಡಾನಾ?"

ಗೊಲ್ನಾರ್ ಮತ್ತೆ ಅವನ ಕೈ ಹಿಡಿದಳು. ಈ ಸಲ ತಿಳಿದೇ ಹಿಡಿದಳು.

"ಅಲ್ಲ. ನಿಜವಾದ ಬೇಡ. ತಿಂಗಳೂ ಬೇಡ, ಒಂದು ದಿನಾನೂ ಬೇಡ."